ಪತ್ನಿಯಿಂದ ಪತಿಗೆ 290 ಕಿ.ಮೀ., ಪತಿಯಿಂದ ಪತ್ನಿಗೆ 315

ದೂರ ಮತ್ತು ಅವಧಿ ನಿಗದಿ ಶಾಖೆ
ಎರಡನೇ ಮಹಡಿ, ಝೆರಾಕ್ಸ್ ಯಂತ್ರದ ಹಿಂದಿನ ಬಾಗಿಲು
(ಬಾಗಿಲನ್ನು ತಳ್ಳಬಾರದು, ಎಳೆಯುವುದು)

ಸಂಖ್ಯೆ: ದೂ.ಅ.ನಿ/ಸು/58-63/ಪತಿ-ಪತ್ನಿ

ಸುತ್ತೋಲೆ

ವಿಷಯ: ಮೇಲಿನ ವಿಮಾನ ನಿಲ್ದಾಣ ಹಾಗೂ ಕೆಳಗಿನ ವಿಮಾನ ನಿಲ್ದಾಣಗಳ ನಡುವಿನ ಹಾರಾಟದ ದೂರ ಮತ್ತು ಪ್ರಯಾಣದ ಅವಧಿಯನ್ನು ಅಂತಿಮವಾಗಿ ನಿಗದಿಪಡಿಸುವ ಬಗ್ಗೆ; ತತ್ಪರಿಣಾಮವಾಗಿ ಒಂದು ದಂಪತಿಯ ನಡುವಿನ ದೂರವನ್ನು ನಿಗದಿಪಡಿಸುವ ಬಗ್ಗೆ.

ಉಲ್ಲೇಖ:
1. ಮೇಲಿನ ನಿಲ್ದಾಣದ ವಿಚಾರಣಾ ಕೌಂಟರಿನ ಸಹಾಯಕಿಯವರ ವರ್ಗಾವಣೆ ಕೋರಿಕೆ.
2. ಸದರಿಯವರ ಪತಿ, ಕೆಳಗಿನ ನಿಲ್ದಾಣದ ಲಗೇಜು ತೂಕದ ಸಹಾಯಕರು, ಇವರ ವರ್ಗಾವಣೆ ಕೋರಿಕೆ.
3. ‘ನೊಂದ ಪ್ರಯಾಣಿಕ, ಸೀಟು 4ಎ’ ಎಂದು ಸಹಿ ಮಾಡಿರುವ ಪತ್ರ.
4. ಸಹಾಯಕಿಯವರ ಅತ್ತೆ ಈ ಶಾಖೆಗೆ ಖುದ್ದಾಗಿ ಬಂದದ್ದು (ಒಟ್ಟು ಆರು ಬಾರಿ).
5. ಗಾಳಿ.

ಪ್ರಸ್ತಾವನೆ

ಇಲಾಖೆಯ ನೌಕರರಾಗಿರುವ ಪತಿ-ಪತ್ನಿಯರು ಬೇರೆ ಬೇರೆ ನಿಲ್ದಾಣಗಳಲ್ಲಿ ಕರ್ತವ್ಯ ನಿರ್ವಹಿಸುತ್ತಿದ್ದು, ಅವೆರಡರ ನಡುವಿನ ದೂರ 300 ಕಿ.ಮೀ. ಮೀರಿದ್ದಲ್ಲಿ, ಇಬ್ಬರಲ್ಲಿ ಒಬ್ಬರನ್ನು ಇನ್ನೊಬ್ಬರಿರುವ ಸ್ಥಳಕ್ಕೆ ವರ್ಗಾಯಿಸಲು ನಿಯಮದಲ್ಲಿ ಅವಕಾಶವಿರುತ್ತದೆ. 300 ಕಿ.ಮೀ. ಅಥವಾ ಅದಕ್ಕಿಂತ ಕಡಿಮೆ ಇದ್ದಲ್ಲಿ, ಸದರಿ ದಂಪತಿ ಒಟ್ಟಿಗೇ ಇದ್ದಾರೆಂದು ಭಾವಿಸತಕ್ಕದ್ದು.

ಉಲ್ಲೇಖ 1 ಮತ್ತು 2ರ ಅರ್ಜಿದಾರರಿಗೆ ಮದುವೆಯಾಗಿ ಎರಡು ವರ್ಷ ನಾಲ್ಕು ತಿಂಗಳು ಕಳೆದಿವೆ. ಈ ಅವಧಿಯಲ್ಲಿ ಅವರು ಒಂದೇ ಮನೆಯಲ್ಲಿ ಕಳೆದ ದಿನಗಳು ಅರವತ್ತೊಂದು. ಇದರಲ್ಲಿ ವಿಮಾನ ಕೆಟ್ಟು ನಿಂತ ಕಾರಣ ಹೆಚ್ಚುವರಿಯಾಗಿ ದೊರೆತ ದಿನಗಳು ಎರಡು. ಸದರಿ ಎರಡು ದಿನಗಳಿಗಾಗಿ ಇತರ ಮೂವತ್ತೇಳು ಪ್ರಯಾಣಿಕರು ಕ್ಷಮೆ ಕೇಳಿಸಿಕೊಂಡಿದ್ದಾರೆ. ಅರ್ಜಿದಾರರು ಕ್ಷಮೆ ಕೇಳಿಸಿಕೊಳ್ಳಲು ಮುಂದೆ ಬಂದಿರುವುದಿಲ್ಲ.

ನೌಕರರಿಗೆ ಉಚಿತ ಸೀಟಿನ ಸೌಲಭ್ಯವಿದ್ದರೂ, ಅದು ವಿಮಾನದಲ್ಲಿ ತೂಕಕ್ಕೆ ಅವಕಾಶ ಉಳಿದಲ್ಲಿ ಮಾತ್ರ. ತೂಕ ಹಾಕುವವರು ಸ್ವತಃ ಪತಿಯೇ ಆಗಿದ್ದು, ಒಂಬತ್ತು ಸಂದರ್ಭಗಳಲ್ಲಿ ಅವರು ಎಲ್ಲರ ಪೆಟ್ಟಿಗೆಗಳನ್ನು ಪ್ರಾಮಾಣಿಕವಾಗಿ ತೂಗಿ, ‘ಇನ್ನು ಒಬ್ಬರಿಗೂ ಅವಕಾಶವಿಲ್ಲ’ ಎಂದು ಬರೆದು ಸಹಿ ಮಾಡಿ, ತಮ್ಮ ಕೈಚೀಲವನ್ನು ತೆಗೆದುಕೊಂಡು ಕೋಣೆಗೆ ಮರಳಿರುವುದು ದಾಖಲೆಗಳಿಂದ ಕಂಡುಬಂದಿದೆ.

ಆದ್ದರಿಂದ ಇಬ್ಬರ ನಡುವೆ ದೂರ ಎಷ್ಟು ಎಂಬ ಒಂದೇ ಪ್ರಶ್ನೆ ಉಳಿಯುತ್ತದೆ. ಈ ಪ್ರಶ್ನೆಗೆ ಶಾಖೆಯಲ್ಲಿ ಎರಡು ಉತ್ತರಗಳಿರುವುದು ವಿಷಾದನೀಯ.

ಭಾಗ ಒಂದು: ನಡೆದ ಸಂಗತಿಗಳು

1. ಈ ಶಾಖೆಯಲ್ಲಿ ದೂರವನ್ನು ಅಳೆಯುವ ಪದ್ಧತಿ ಇರುವುದಿಲ್ಲ. ವಿಮಾನ ಬಿಟ್ಟ ಸಮಯವನ್ನು ತಲುಪಿದ ಸಮಯದಿಂದ ಕಳೆದು, ಉಳಿದ ನಿಮಿಷಗಳನ್ನು ಐದರಿಂದ ಗುಣಿಸಿ, ಬಂದದ್ದನ್ನು ಕಿಲೋಮೀಟರ್ ಎಂದು ವಹಿಯಲ್ಲಿ ಬರೆಯುವುದು ರೂಢಿ. ಐದೇ ಏಕೆ ಎಂಬುದಕ್ಕೆ ಕಡತದಲ್ಲಿ ವಿವರಣೆ ಲಭ್ಯವಿಲ್ಲ. ಶಾಖೆ ಆರಂಭವಾದಾಗ ಇದ್ದ ಗುಮಾಸ್ತರಿಗೆ ಐದರ ಮಗ್ಗಿ ಮಾತ್ರ ತಡವರಿಸದೆ ಬರುತ್ತಿತ್ತೆಂದು ಹಿರಿಯ ನೌಕರರು ಮೌಖಿಕವಾಗಿ ತಿಳಿಸಿರುತ್ತಾರೆ.

2. ಪ್ರತಿ ನಿಲ್ದಾಣವೂ ತನ್ನಿಂದ ಹೊರಟ ವಿಮಾನದ ಅವಧಿಯನ್ನು ಮಾತ್ರ ತನ್ನ ವಹಿಯಲ್ಲಿ ಬರೆಯುತ್ತದೆ. ಮೇಲಿನಿಂದ ಕೆಳಗಿನ ನಿಲ್ದಾಣಕ್ಕೆ ಬೆಳಗಿನ ವಿಮಾನ 58 ನಿಮಿಷ ತೆಗೆದುಕೊಳ್ಳುವುದರಿಂದ ಮೇಲಿನ ವಹಿಯಲ್ಲಿ ದೂರ 290 ಕಿ.ಮೀ. ಅದೇ ವಿಮಾನ ಮಧ್ಯಾಹ್ನ ಮರಳಲು 63 ನಿಮಿಷ ತೆಗೆದುಕೊಳ್ಳುವುದರಿಂದ ಕೆಳಗಿನ ವಹಿಯಲ್ಲಿ ದೂರ 315 ಕಿ.ಮೀ. ಇಪ್ಪತ್ತೆರಡು ವರ್ಷಗಳಲ್ಲಿ ಈ ಎರಡು ವಹಿಗಳನ್ನು ಒಂದೇ ಮೇಜಿನ ಮೇಲೆ ತೆರೆದಿಡುವ ಪ್ರಸಂಗ ಒದಗಿರಲಿಲ್ಲ. ಮೇಜು ಚಿಕ್ಕದು.

(ಸ್ಪಷ್ಟೀಕರಣ: ‘ಮೇಲಿನ’ ಮತ್ತು ‘ಕೆಳಗಿನ’ ಎಂಬುವು ಗೋಡೆಯ ನಕ್ಷೆಯಲ್ಲಿ ಆಯಾ ನಿಲ್ದಾಣವಿರುವ ಜಾಗವನ್ನು ಸೂಚಿಸುತ್ತವೆ. ಈ ಕಾರಣಕ್ಕೆ ಮೇಲಿನ ನಿಲ್ದಾಣದವರು ಕೆಳಗಿನವರೊಂದಿಗೆ ಫೋನಿನಲ್ಲಿ ಮಾತನಾಡುವಾಗ ಗತ್ತು ತೋರಿಸತಕ್ಕದ್ದಲ್ಲ.)

3. ಪತ್ನಿಯ ಅರ್ಜಿಯನ್ನು ಮೇಲಿನ ವಹಿಯೊಂದಿಗೆ ತಾಳೆ ನೋಡಿ, ‘ದೂರ 290. ಹತ್ತು ಕಿ.ಮೀ. ಕಡಿಮೆ ಇರುವುದರಿಂದ ಅರ್ಜಿದಾರರು ಈಗಾಗಲೇ ಪತಿಯೊಂದಿಗೆ ಇದ್ದಾರೆ’ ಎಂಬ ಷರಾದೊಂದಿಗೆ ತಿರಸ್ಕರಿಸಲಾಯಿತು. ನಾಲ್ಕು ದಿನಗಳ ನಂತರ ಪತಿಯ ಅರ್ಜಿ ಕೆಳಗಿನ ವಹಿಯ ನಕಲಿನೊಂದಿಗೆ ತಲುಪಿತು. ಅದರಲ್ಲಿ ದೂರ 315. ಕಡತದ ಅಂಚಿನಲ್ಲಿ ಅಧೀಕ್ಷಕರು ಪೆನ್ಸಿಲಿನಲ್ಲಿ ‘ಇದ್ಯಾವ ಸೀಮೆ ಲೆಕ್ಕ? ಹೋಗೋ ದಾರಿನೇ ಅಲ್ವೇನ್ರೀ ಬರೋ ದಾರಿ?’ ಎಂದು ಬರೆದಿದ್ದು, ಅದರ ಕೆಳಗೆ ಶಾಖಾ ಸಹಾಯಕರು ‘ದಾರಿ ಒಂದೇ ಸಾರ್. ವಹಿ ಎರಡು’ ಎಂದು ಉತ್ತರಿಸಿರುತ್ತಾರೆ. ಈ ಉತ್ತರದ ನಂತರ ಕಡತವು ಹತ್ತೊಂಬತ್ತು ದಿನ ಯಾರ ಮೇಜಿನಲ್ಲೂ ಇರಲಿಲ್ಲ.

4. ಈ ನಡುವೆ, ಪತ್ನಿಯ ಅರ್ಜಿ ತಿರಸ್ಕೃತವಾದ ಮರುದಿನದಿಂದ ಸತತ ಮೂರು ದಿನ ಬೆಳಗಿನ ವಿಮಾನ 58 ನಿಮಿಷದ ಬದಲು 61, 62 ಮತ್ತು 61 ನಿಮಿಷ ತೆಗೆದುಕೊಂಡಿರುವುದು ಗಮನಕ್ಕೆ ಬಂದಿತು. ಅಂದರೆ ಆ ಮೂರು ದಿನ ದೂರ ಕ್ರಮವಾಗಿ 305, 310, 305 ಕಿ.ಮೀ. ಆಗಿತ್ತು. ವಿಮಾನವನ್ನು ಬೇಕೆಂದೇ ನಿಧಾನವಾಗಿ ಓಡಿಸಿ ಎರಡು ಊರುಗಳನ್ನು ಪರಸ್ಪರ ದೂರ ಸರಿಸಿದ ಆರೋಪದ ಮೇಲೆ ಕ್ಯಾಪ್ಟನ್‌ರವರಿಗೆ ಕಾರಣ ಕೇಳಿ ನೋಟಿಸ್ ನೀಡಲಾಯಿತು. ಅವರ ಹೇಳಿಕೆಯನ್ನು ಇದ್ದಂತೆಯೇ ದಾಖಲಿಸಲಾಗಿದೆ:

“ಎದುರು ಗಾಳಿ ಇತ್ತು ಸಾರ್. ನಿಮ್ಮ ವರ್ಗಾವಣೆ ನಿಯಮ ಗಾಳಿಗೆ ಗೊತ್ತಿಲ್ಲ, ನಾನೇನು ಮಾಡ್ಲಿ? ಆ ಹುಡುಗಿ ಗೊತ್ತಾ ಅಂದ್ರೆ, ಗೊತ್ತು. ದಿನಾ ಬೆಳಗ್ಗೆ ಒಂದು ಬಟ್ಟೆ ಚೀಲ ಕೊಡ್ತಾಳೆ, ಕೆಳಗೆ ಅವನಿಗೆ ಕೊಡ್ತೀನಿ. ಮಧ್ಯಾಹ್ನ ಅವನು ಅದೇ ಚೀಲ ಕೊಡ್ತಾನೆ, ಮೇಲೆ ತಂದು ಕೊಡ್ತೀನಿ. ಒಳಗೇನಿದೆ ಅಂತ ನೋಡೋ ಚಟ ನನಗಿಲ್ಲ. ಚೀಲ ಒಂದೊಂದು ದಿನ ಖಾಲಿ ಇರುತ್ತೆ ಅನ್ನೋದು ಮಾತ್ರ ಕೈಗೆ ಗೊತ್ತಾಗುತ್ತೆ. ಆದ್ರೂ ಕೊಡ್ತಾಳೆ. ಅವನೂ ಇಸ್ಕೊಳ್ತಾನೆ.”

5. ಸದರಿ ಚೀಲವನ್ನು ಒಂದು ದಿನದ ಮಟ್ಟಿಗೆ ವಶಕ್ಕೆ ಪಡೆದು ಪಟ್ಟಿ ಮಾಡಲಾಯಿತು. ದೊರೆತ ವಸ್ತುಗಳು: ಇಸ್ತ್ರಿ ಮಾಡಿದ ಅಂಗಿ ಒಂದು, ಗುಂಡಿ ಹೊಲಿದದ್ದು, ಎರಡು ಚೀಟಿಗಳು. ಮೊದಲ ಚೀಟಿ (ಬೆಳಿಗ್ಗೆ ಹೋಗುವಾಗ, ಪತ್ನಿಯದು): “ರೀ, ಈ ಸಲ ಬರುವಾಗ ಛತ್ರಿ ಮರೀಬೇಡಿ. ಅತ್ತೆ ದಿನಾ ಕೇಳ್ತಾರೆ. ನಿಮ್ಮನ್ನಲ್ಲ, ಛತ್ರಿನ.” ಎರಡನೆಯದು (ಮಧ್ಯಾಹ್ನ ಬರುವಾಗ, ಪತಿಯದು): “ಛತ್ರಿ ಬೇಕಾದ್ರೆ ನಾಳೆನೇ ವಿಮಾನ ಹತ್ತಿಸ್ತೀನಿ, ಅದರ ತೂಕ ಕಡಿಮೆ. ನನ್ನ ತೂಕಕ್ಕೇ ಜಾಗ ಸಿಕ್ತಿಲ್ಲ ಮಾರಾಯ್ತಿ.” ಚೀಟಿಗಳಲ್ಲಿ ಇಲಾಖೆಯ ಭದ್ರತೆಗೆ ಧಕ್ಕೆ ತರುವ ಅಂಶ ಕಂಡುಬರಲಿಲ್ಲ. ಆದರೂ ಅವುಗಳನ್ನು ಮೂರು ಅಧಿಕಾರಿಗಳು ಪ್ರತ್ಯೇಕವಾಗಿ, ಎರಡೆರಡು ಬಾರಿ ಓದಿ ಹಿಂತಿರುಗಿಸಿರುತ್ತಾರೆ.

6. ನಿಜವಾದ ದೂರವನ್ನು ಕಂಡುಹಿಡಿಯುವ ಅಹಿತಕರ ಸಲಹೆಯೊಂದು ಈ ಹಂತದಲ್ಲಿ ಬಂದಿತು. ಅದರಂತೆ ನಕ್ಷೆ ಸಹಾಯಕರು ಗೋಡೆಯ ನಕ್ಷೆಯ ಮೇಲೆ ಎರಡು ಗುಂಡುಪಿನ್ನುಗಳ ನಡುವೆ ದಾರ ಕಟ್ಟಿ ಅಳೆದರು. ಗಂಟುಗಳನ್ನು ಸೇರಿಸಿದರೆ 304 ಕಿ.ಮೀ., ಬಿಟ್ಟರೆ 296. ಗಂಟು ದೂರವೇ ಅಲ್ಲವೇ ಎಂಬ ಬಗ್ಗೆ ಕಾನೂನು ಕೋಶದ ಅಭಿಪ್ರಾಯ ಕೇಳಲಾಗಿದ್ದು, ಅವರು ದಾರವನ್ನೇ ಕಳುಹಿಸುವಂತೆ ಕೋರಿ, ಕಳುಹಿಸಿದ ನಂತರ ‘ದಾರ ತಲುಪಿದೆ’ ಎಂದು ಮಾತ್ರ ಉತ್ತರಿಸಿದ್ದಾರೆ.

7. ನಂತರ ಅಧೀಕ್ಷಕರ ಅಧ್ಯಕ್ಷತೆಯಲ್ಲಿ ಮೂವರ ಸಮಿತಿ ರಚಿಸಿ, ಸಮಿತಿಯೇ ವಿಮಾನದಲ್ಲಿ ಹೋಗಿ ಬಂದಿತು. ಹೋಗುವಾಗ ಅಧೀಕ್ಷಕರು ನಿದ್ರಿಸಿದ್ದರಿಂದ ದೂರ ಅನುಭವಕ್ಕೆ ಬರಲಿಲ್ಲ. ಬರುವಾಗ ಪಕ್ಕದ ಸೀಟಿನ ಮಗು ಅವರ ಕನ್ನಡಕವನ್ನು ನಾಲ್ಕು ಬಾರಿ ಕಿತ್ತುಕೊಂಡಿದ್ದರಿಂದ ದೂರ ಹೆಚ್ಚಾಗಿ ಕಂಡಿತು. ಎರಡೂ ಅನುಭವಗಳು ವಹಿಗಳಲ್ಲಿರುವುದಕ್ಕೆ ಹೊಂದಾಣಿಕೆಯಾಗುವುದರಿಂದ ವಹಿಗಳು ಸರಿಯಾಗಿವೆ ಎಂದು ಸಮಿತಿಯು ತೀರ್ಮಾನಿಸಿತು.

8. ಸಮಿತಿಯ ಮುಂದೆ ಸಹಾಯಕಿಯವರ ಅತ್ತೆ ಹಾಜರಾದರು. ಇವರು ಮೇಲಿನ ನಿಲ್ದಾಣದ ಊರಿನಲ್ಲಿ ಸೊಸೆಯೊಂದಿಗೆ ವಾಸವಿದ್ದು, ನಿವೃತ್ತ ಶಾಲಾ ಶಿಕ್ಷಕಿ. ಮೂರನೇ ತರಗತಿಗೆ ಗಣಿತ ಹೇಳಿಕೊಟ್ಟವರು. ಕುಳಿತುಕೊಳ್ಳುವಂತೆ ಹೇಳಲು ಸಮಿತಿಯು ಮರೆತಿದ್ದರಿಂದ ಅವರೇ ಸಮಿತಿಗೆ ಕುಳಿತುಕೊಳ್ಳುವಂತೆ ಹೇಳಿದರು. ಅವರ ಹೇಳಿಕೆ:

“ನೋಡಿ ಸಾಹೇಬ್ರೇ, ನಿಮ್ಮ ವಹಿ ತಪ್ಪು ಅಂತ ನಾನು ಹೇಳೋದಿಲ್ಲ. ಹೇಳಿದ್ರೆ ನೀವು ಇನ್ನೊಂದು ಸಮಿತಿ ಮಾಡ್ತೀರಿ. ನಿಮ್ಮ ಲೆಕ್ಕಾನೇ ತಗೊಳ್ಳೋಣ. ನನ್ನ ಸೊಸೆ ಇಲ್ಲಿಂದ ಹೊರಟ್ರೆ ಗಂಡ ಹತ್ತಿರ. ಆಯ್ತು, ಅವಳು ಹೊರಡೋದು ಬೇಡ, ಇಲ್ಲೇ ಇರ್ಲಿ. ನನ್ನ ಮಗ ಅಲ್ಲಿಂದ ಹೊರಟ್ರೆ ಹೆಂಡತಿ ದೂರ. ದೂರ ಇರೋನ್ನ ಕರೆಸಿ. ಇಷ್ಟೇ ತಾನೇ? ಇದಕ್ಕೆ ಮೂರು ಜನ ವಿಮಾನದಲ್ಲಿ ಯಾಕಪ್ಪಾ ಓಡಾಡಿದ್ರಿ?”

ಈ ಹೇಳಿಕೆಯನ್ನು ಪರಿಶೀಲನೆಗೆ ಅರ್ಹವಲ್ಲವೆಂದು ಸಮಿತಿಯು ತಳ್ಳಿಹಾಕಿತು. ಹನ್ನೊಂದು ದಿನಗಳ ನಂತರ ಸಮಿತಿಯು ಇದೇ ತೀರ್ಮಾನವನ್ನು ಸ್ವತಂತ್ರವಾಗಿ ತಲುಪಿರುತ್ತದೆ.

9. ಆದರೆ ಈ ತೀರ್ಮಾನಕ್ಕೆ ಸಹಿ ಬೀಳುವ ಮುನ್ನ ಒಂದು ತೊಡಕು ಎದುರಾಯಿತು. ಬರುವ ತಿಂಗಳ ಮೊದಲ ವಾರದಲ್ಲಿ ಗಾಳಿ ದಿಕ್ಕು ಬದಲಿಸಲಿದ್ದು, ಆಗ ಹೋಗುವ ಅವಧಿ 63 ನಿಮಿಷ, ಬರುವ ಅವಧಿ 58 ನಿಮಿಷ ಆಗುತ್ತದೆ. ಅಂದರೆ ಪತಿಯು ಇದ್ದಲ್ಲಿಯೇ ಇದ್ದು ಪತ್ನಿಗೆ ಸಮೀಪವಾಗುತ್ತಾರೆ. ಪತ್ನಿಯು ಇದ್ದಲ್ಲಿಯೇ ಇದ್ದು ದೂರವಾಗುತ್ತಾರೆ. ಪತಿಯ ಅರ್ಜಿ ಬಿದ್ದುಹೋಗಿ, ಪತ್ನಿಯು ಹೊಸದಾಗಿ ಅರ್ಜಿ ಸಲ್ಲಿಸಬೇಕಾಗುತ್ತದೆ. ವರ್ಗಾವಣೆ ಅರ್ಜಿಯೊಂದು ಇತ್ಯರ್ಥವಾಗಲು ಸರಿಯಾಗಿ ಆರು ತಿಂಗಳು ಬೇಕು. ಗಾಳಿಯೂ ಆರು ತಿಂಗಳಿಗೊಮ್ಮೆ ತಿರುಗುತ್ತದೆ. ಆದ್ದರಿಂದ ಇವರಿಬ್ಬರಲ್ಲಿ ಯಾರೇ ಆಗಲಿ, ಯಾವಾಗಲೇ ಆಗಲಿ, ತಮ್ಮ ಅರ್ಜಿ ಇತ್ಯರ್ಥವಾಗುವ ದಿನ ಅರ್ಹರಾಗಿರಲು ಸಾಧ್ಯವಿಲ್ಲ ಎಂಬುದನ್ನು ಶಾಖಾ ಸಹಾಯಕರು ಒಂದು ಸುಂದರವಾದ ಕೋಷ್ಟಕದ ಮೂಲಕ ತೋರಿಸಿಕೊಟ್ಟರು. ಅಧೀಕ್ಷಕರು ಕೋಷ್ಟಕವನ್ನು ಮೆಚ್ಚಿ, ಕಡತವನ್ನು ಗಾಳಿ ತಿರುಗುವವರೆಗೆ ಬಾಕಿ ಇಡಲು ಸೂಚಿಸಿದರು.

10. ಈ ಸೂಚನೆಯ ವಿಷಯ ಅದೇ ದಿನ ಮಧ್ಯಾಹ್ನ ಅತ್ತೆಯವರಿಗೆ ತಲುಪಿತು. ಹೇಗೆ ತಲುಪಿತೆಂಬುದರ ಬಗ್ಗೆ ಪ್ರತ್ಯೇಕ ವಿಚಾರಣೆ ನಡೆಯುತ್ತಿದೆ. ಮರುದಿನ ಬೆಳಿಗ್ಗೆ ಕಚೇರಿ ತೆರೆಯುವ ಮುನ್ನವೇ ಅವರು ಬಂದು ಝೆರಾಕ್ಸ್ ಯಂತ್ರದ ಪಕ್ಕದ ಸ್ಟೂಲಿನಲ್ಲಿ ಕುಳಿತರು. “ಗಾಳಿ ತಿರುಗೋವರೆಗೂ ಇಲ್ಲೇ ಕೂತಿರ್ತೀನಿ. ನಿಮ್ಮ ಕೆಲಸ ನೀವು ಮಾಡಿ, ನನ್ನಿಂದ ತೊಂದರೆ ಇಲ್ಲ” ಎಂದು ತಿಳಿಸಿದರು. ಜೊತೆಯಲ್ಲಿ ಕೆಂಪು ಪೆನ್ನು ತಂದಿದ್ದರು. ಹೊರಗೆ ಹೋಗುವ ಪ್ರತಿ ಪತ್ರವೂ ಝೆರಾಕ್ಸ್ ಯಂತ್ರದ ಮುಂದೆ ಹಾದುಹೋಗಬೇಕಾಗಿದ್ದು, ಎರಡು ದಿನಗಳಲ್ಲಿ ಶಾಖೆಯ ನಲವತ್ತಮೂರು ಪತ್ರಗಳಲ್ಲಿ ಕೂಡುವ, ಕಳೆಯುವ ತಪ್ಪುಗಳು ತಿದ್ದಲ್ಪಟ್ಟವು. ಮೂರನೇ ದಿನ ಅಧೀಕ್ಷಕರ ಸ್ವಂತ ಟಿಪ್ಪಣಿಯೊಂದರ ಕೆಳಗೆ ‘ಇನ್ನೂ ಚೆನ್ನಾಗಿ ಪ್ರಯತ್ನಿಸಬಹುದು’ ಎಂಬ ಬರಹ ಕಂಡುಬಂದ ಹಿನ್ನೆಲೆಯಲ್ಲಿ, ಕಡತವನ್ನು ತುರ್ತೆಂದು ಪರಿಗಣಿಸಲಾಯಿತು.

ಭಾಗ ಎರಡು: ಎಲ್ಲ ಸಿಬ್ಬಂದಿಗೆ ಸೂಚನೆಗಳು

ಮೇಲ್ಕಂಡ ಗೊಂದಲಗಳು ಮರುಕಳಿಸದಂತೆ ಈ ಕೆಳಗಿನವುಗಳನ್ನು ಪಾಲಿಸಲು ಈ ಮೂಲಕ ಸೂಚಿಸಲಾಗಿದೆ.

11. ವಿಮಾನ ಚಾಲಕರು ಕರುಣೆಯಿಂದಾಗಲಿ, ಸ್ನೇಹದಿಂದಾಗಲಿ ಊರುಗಳ ನಡುವಿನ ದೂರವನ್ನು ಹೆಚ್ಚಿಸುವುದು ಅಥವಾ ಕುಗ್ಗಿಸುವುದು ಮಾಡತಕ್ಕದ್ದಲ್ಲ. ಹಾಗೆ ಮಾಡಲೇಬೇಕಾದಲ್ಲಿ ಎರಡೂ ಊರಿನವರಿಗೆ ಏಳು ದಿನ ಮುಂಚಿತವಾಗಿ ತಿಳಿಸುವುದು.

12. ಇಳಿಯಲು ಅನುಮತಿ ಸಿಗದೆ ವಿಮಾನವು ನಿಲ್ದಾಣದ ಮೇಲೆ ಸುತ್ತು ಹೊಡೆದಲ್ಲಿ, ಆ ಅವಧಿಯಲ್ಲಿ ಕ್ರಮಿಸಿದ ದೂರವನ್ನು ದೂರವೆಂದು ಪರಿಗಣಿಸತಕ್ಕದ್ದಲ್ಲ. ಅದು ಕಾಯುವಿಕೆ. ಕಾಯುವಿಕೆಗೆ ಈ ಶಾಖೆಯಲ್ಲಿ ವಹಿ ಇರುವುದಿಲ್ಲ. ತೆರೆಯುವ ಪ್ರಸ್ತಾಪ ಒಮ್ಮೆ ಬಂದಿದ್ದು, ಎಷ್ಟು ಪುಟದ್ದು ಬೇಕೆಂದು ಅಂದಾಜಿಸಲಾಗದೆ ಕೈಬಿಡಲಾಗಿದೆ.

13. ವಿಮಾನದ ಮೂತಿ ತಲುಪಿದ ಕ್ಷಣವನ್ನು ವಿಮಾನ ತಲುಪಿದ ಸಮಯವೆಂದು ಬರೆಯುವುದು. ಹಿಂದಿನ ಸಾಲಿನ ಪ್ರಯಾಣಿಕರು ‘ನಾವಿನ್ನೂ ತಲುಪಿಲ್ಲ’ ಎಂದು ವಾದಿಸಿದಲ್ಲಿ ಅವರನ್ನು ಮುಂದಕ್ಕೆ ಬರಲು ವಿನಂತಿಸುವುದು.

14. ಪ್ರಯಾಣಿಕರು ವಿಚಾರಣಾ ಕೌಂಟರಿನಲ್ಲಿ ದೂರ ಕೇಳಿದಾಗ ಕಿಲೋಮೀಟರಿನಲ್ಲಿ ಮಾತ್ರ ಉತ್ತರಿಸುವುದು. ಉಲ್ಲೇಖ 3ರ ಪ್ರಯಾಣಿಕರು “ಮೇಡಂ, ಅಲ್ಲಿಗೆ ಎಷ್ಟು ದೂರ ಆಗುತ್ತೆ?” ಎಂದು ಕೇಳಿದ್ದಕ್ಕೆ, ಸಹಾಯಕಿಯವರು “ಅಲ್ಲಿ ಯಾರಿದ್ದಾರೆ ಅನ್ನೋದರ ಮೇಲೆ ಹೋಗುತ್ತೆ ಸಾರ್” ಎಂದು ಉತ್ತರಿಸಿರುವುದು ವಿಚಾರಣೆಯಲ್ಲಿ ರುಜುವಾತಾಗಿದೆ. ಪ್ರಯಾಣಿಕರು ಅಂದು ಪ್ರಯಾಣ ರದ್ದುಪಡಿಸಿ, ಕಾಯುವ ಸಾಲಿನಲ್ಲಿ ಕುಳಿತು, ಆ ಊರಿನಲ್ಲಿರುವ ತಮ್ಮ ಅಣ್ಣನಿಗೆ ಆರು ವರ್ಷಗಳ ನಂತರ ಫೋನು ಮಾಡಿರುತ್ತಾರೆ. ಇಲಾಖೆಗೆ ಒಂದು ಸೀಟಿನ ನಷ್ಟ. ಸಹಾಯಕಿಯವರಿಗೆ ಎಚ್ಚರಿಕೆ ನೀಡಲಾಗಿದೆ. ಅಣ್ಣತಮ್ಮಂದಿರು ಮರುವಾರ ಇಬ್ಬರೂ ಒಟ್ಟಿಗೆ ಪ್ರಯಾಣಿಸಿದ್ದರಿಂದ ಎಚ್ಚರಿಕೆಯ ತೀವ್ರತೆಯನ್ನು ಕಡಿಮೆ ಮಾಡಲಾಗಿದೆ.

15. ಹೋಗುವ ದೂರಕ್ಕಿಂತ ಬರುವ ದೂರ ಹೆಚ್ಚೇಕೆ ಎಂದು ಯಾರಾದರೂ ಕೇಳಿದಲ್ಲಿ, ‘ಪರಿಶೀಲನೆಯಲ್ಲಿದೆ’ ಎಂದು ಹೇಳುವುದು. ‘ಗಾಳಿ’ ಎಂದು ಹೇಳತಕ್ಕದ್ದಲ್ಲ. ಗಾಳಿಯು ಇಲಾಖೆಯ ನಿಯಂತ್ರಣದಲ್ಲಿಲ್ಲ ಎಂಬ ತಪ್ಪು ಅಭಿಪ್ರಾಯ ಸಾರ್ವಜನಿಕರಲ್ಲಿ ಮೂಡುವ ಸಂಭವವಿದೆ.

16. ಪತಿ-ಪತ್ನಿ ಪ್ರಕರಣಗಳಲ್ಲಿ ಇಬ್ಬರನ್ನೂ ಒಂದೇ ದಿನ ಪರಸ್ಪರರ ಸ್ಥಳಕ್ಕೆ ವರ್ಗಾಯಿಸತಕ್ಕದ್ದಲ್ಲ. ಈ ಹಿಂದೆ ಇನ್ನೊಂದು ಶಾಖೆಯಲ್ಲಿ ಹೀಗಾಗಿ, ದಂಪತಿಯ ಎರಡು ಅರ್ಜಿಗಳೂ ಪುರಸ್ಕೃತವಾಗಿವೆ ಎಂದು ಶ್ಲಾಘನಾ ಪತ್ರ ಸಹ ನೀಡಲಾಗಿತ್ತು.

17. ಝೆರಾಕ್ಸ್ ಯಂತ್ರದ ಪಕ್ಕದ ಸ್ಟೂಲನ್ನು ತಕ್ಷಣ ತೆಗೆಯುವುದು.

ಭಾಗ ಮೂರು: ಆದೇಶ

18. ಎರಡೂ ನಿಲ್ದಾಣಗಳ ನಡುವಿನ ದೂರವು ಹೋಗುವಾಗ 290 ಕಿ.ಮೀ. ಹಾಗೂ ಬರುವಾಗ 315 ಕಿ.ಮೀ. ಎಂದು ಅಂತಿಮವಾಗಿ ನಿಗದಿಪಡಿಸಲಾಗಿದೆ. ಎರಡೂ ಸರಿ. ಇದನ್ನು ಪ್ರಶ್ನಿಸುವವರು ಎರಡೂ ಕಡೆ ನಡೆದುಕೊಂಡು ಹೋಗಿ ಬಂದು ವರದಿ ಸಲ್ಲಿಸಬಹುದು.

19. ಮೇಲಿನ ಕಂಡಿಕೆಯಂತೆ, ಪತ್ನಿಯು ಪತಿಯಿಂದ ದೂರವಿರುವುದು ಸಾಬೀತಾಗಿರುವುದಿಲ್ಲ. ಪತಿಯು ಪತ್ನಿಯಿಂದ ದೂರವಿರುವುದು ಸಂಶಯಾತೀತವಾಗಿ ಸಾಬೀತಾಗಿರುತ್ತದೆ. ಆದ್ದರಿಂದ ಪತಿಯನ್ನು ಕೆಳಗಿನ ನಿಲ್ದಾಣದಿಂದ ಮೇಲಿನ ನಿಲ್ದಾಣದ ಲಗೇಜು ತೂಕದ ವಿಭಾಗಕ್ಕೆ ವರ್ಗಾಯಿಸಿ ಆದೇಶಿಸಲಾಗಿದೆ. ಗಾಳಿ ತಿರುಗಲು ಇನ್ನು ಐದು ದಿನಗಳಿದ್ದು, ಅಷ್ಟರೊಳಗೆ ಅವರು ಕರ್ತವ್ಯಕ್ಕೆ ಹಾಜರಾಗತಕ್ಕದ್ದು. ಹೊರಡುವ ದಿನದ ಮಟ್ಟಿಗೆ ಅವರ ಬದಲು ಬೇರೊಬ್ಬರು ತೂಕ ಹಾಕತಕ್ಕದ್ದು. ಏಕೆಂದರೆ ಅವರೇ ಹಾಕಿದಲ್ಲಿ ಅವರು ತಮ್ಮನ್ನು ತಾವೇ ಇಳಿಸಿಬಿಡುವ ಅಪಾಯವಿದೆ.

20. ಕಾನೂನು ಕೋಶವು ಕಡೆಯ ಗಳಿಗೆಯಲ್ಲಿ ಎತ್ತಿದ ಆಕ್ಷೇಪಣೆಯನ್ನು ಇಲ್ಲಿ ಪರಿಗಣಿಸಲಾಗಿದೆ. ಪತಿಯು ಮೇಲಿನ ನಿಲ್ದಾಣದಲ್ಲಿ ಹಾಜರಾದ ಕ್ಷಣವೇ ಇಬ್ಬರ ನಡುವಿನ ದೂರ ಸೊನ್ನೆಯಾಗುತ್ತದೆ. ಸೊನ್ನೆಯು 300ಕ್ಕಿಂತ ಕಡಿಮೆ. ಆಗ ವರ್ಗಾವಣೆಗೆ ಕಾರಣವೇ ಉಳಿಯದೆ ಅವರನ್ನು ಮರಳಿ ಕಳುಹಿಸಬೇಕಾಗುತ್ತದೆ. ಕಳುಹಿಸಿದ ಕ್ಷಣ ಮತ್ತೆ 315 ಆಗಿ ಕರೆಸಬೇಕಾಗುತ್ತದೆ. ಹೀಗೆ ದಿನಂಪ್ರತಿ ಅವರಿಗೊಂದು ಸೀಟು ಕಾದಿರಿಸಬೇಕಾಗುವುದನ್ನು ತಪ್ಪಿಸಲು, ಸದರಿ ದಂಪತಿಯ ನಡುವಿನ ದೂರವು ಸೇವಾ ದಾಖಲೆಗಳಲ್ಲಿ, ಇಬ್ಬರೂ ನಿವೃತ್ತರಾಗುವವರೆಗೆ, ಶಾಶ್ವತವಾಗಿ 315 ಕಿ.ಮೀ. ಎಂದೇ ಮುಂದುವರಿಯತಕ್ಕದ್ದು. ಅವರು ಒಂದೇ ಕೋಣೆಯಲ್ಲಿದ್ದರೂ, ಒಂದೇ ಛತ್ರಿಯ ಕೆಳಗಿದ್ದರೂ, ಒಂದೇ ಬೆಂಚಿನಲ್ಲಿ ಕುಳಿತಿದ್ದರೂ ಇಲಾಖೆಯ ಮಟ್ಟಿಗೆ ಅವರು 315 ಕಿ.ಮೀ. ಅಂತರದಲ್ಲಿರುತ್ತಾರೆ.

21. ಆದರೆ ಸದರಿ 315 ಕಿ.ಮೀ. ಅಂತರವನ್ನು ದಂಪತಿಯು ಮನೆಯೊಳಗೆ ಕಾಪಾಡಿಕೊಳ್ಳಬೇಕಾದ ಅಗತ್ಯವಿಲ್ಲವೆಂದು ಸ್ಪಷ್ಟಪಡಿಸಲಾಗಿದೆ. ಈ ಬಗ್ಗೆ ತಪಾಸಣೆಗೆ ಯಾರನ್ನೂ ನಿಯೋಜಿಸಿರುವುದಿಲ್ಲ. ನಕ್ಷೆ ಸಹಾಯಕರು ತಾವಾಗಿಯೇ ಮುಂದೆ ಬಂದಿದ್ದನ್ನು ನಿರಾಕರಿಸಲಾಗಿದೆ.

22. ಪತಿಯು ಪ್ರಯಾಣಿಸುವ ವಿಮಾನವು 63 ನಿಮಿಷಗಳಲ್ಲಿ ತಲುಪತಕ್ಕದ್ದು. ಅದಕ್ಕಿಂತ ಬೇಗ ತಲುಪಿದಲ್ಲಿ, ಆ ಒಂದು ದಿನದ ಮಟ್ಟಿಗೆ, ಕ್ಯಾಪ್ಟನ್‌ರವರಿಂದ ಕಾರಣ ಕೇಳಲಾಗುವುದಿಲ್ಲ.

ಸಹಿ/-
ಅಧೀಕ್ಷಕರು
ದೂರ ಮತ್ತು ಅವಧಿ ನಿಗದಿ ಶಾಖೆ

(ಕೂಡುವ, ಕಳೆಯುವ ಲೆಕ್ಕಗಳನ್ನು ಹೊರಗಿನವರೊಬ್ಬರು ಕೆಂಪು ಶಾಯಿಯಲ್ಲಿ ಪರಿಶೀಲಿಸಿ, ಸರಿ ಎಂದು ಗುರುತು ಹಾಕಿರುತ್ತಾರೆ.)

ಪ್ರತಿಗಳು:

1. ಮುಖ್ಯಸ್ಥರು, ಕೆಳಗಿನ ನಿಲ್ದಾಣ. ತೂಕದ ಸಹಾಯಕರನ್ನು ಕೂಡಲೇ ಬಿಡುಗಡೆ ಮಾಡುವುದು. ‘ಒಳ್ಳೇ ಮನುಷ್ಯ, ಇವನು ಹೋದ್ರೆ ನಮಗೆ ಕಷ್ಟ’ ಎಂಬ ತಮ್ಮ ಅಭಿಪ್ರಾಯವನ್ನು ಮೆಚ್ಚುಗೆಯೆಂದು ದಾಖಲಿಸಿಕೊಳ್ಳಲಾಗಿದೆ, ಆಕ್ಷೇಪಣೆಯೆಂದಲ್ಲ.

2. ಮುಖ್ಯಸ್ಥರು, ಮೇಲಿನ ನಿಲ್ದಾಣ. ವಿಮಾನ ಇಳಿಯುವ ಹೊತ್ತಿಗೆ ವಿಚಾರಣಾ ಕೌಂಟರಿನಲ್ಲಿ ಯಾರೂ ಇಲ್ಲದಿದ್ದಲ್ಲಿ ಗಾಬರಿಯಾಗದಿರುವುದು.

3. ಕ್ಯಾಪ್ಟನ್‌ರವರು. ನೋಟಿಸ್ ಹಿಂಪಡೆಯಲಾಗಿದೆ. ಚೀಲ ಸಾಗಣೆಯ ಕರ್ತವ್ಯದಿಂದ ಮುಕ್ತಗೊಳಿಸಲಾಗಿದೆ. ಬೇಸರವಾದಲ್ಲಿ ಲಿಖಿತವಾಗಿ ತಿಳಿಸುವುದು.

4. ಕಾನೂನು ಕೋಶ. ದಾರವನ್ನು ಹಿಂತಿರುಗಿಸುವುದು. ನೆನಪೋಲೆ ಸಂಖ್ಯೆ ಎಂಟು.

5. ಸೀಟು 4ಎ. ಮಾಹಿತಿಗಾಗಿ. ಅಣ್ಣನವರಿಗೂ ತೋರಿಸಬಹುದು.

6. ಗಾಳಿ. ವಿಳಾಸ ಲಭ್ಯವಿಲ್ಲದ ಕಾರಣ ಕಿಟಕಿಯ ಮೂಲಕ ರವಾನಿಸಲಾಗಿದೆ.

7. ಅತ್ತೆಯವರು. ಆದೇಶ ಹೊರಬೀಳುವ ಮುನ್ನವೇ ಇವರಿಗೆ ವಿಷಯ ಗೊತ್ತಿರುವುದರಿಂದ ಕೇವಲ ಔಪಚಾರಿಕವಾಗಿ.

8. ವಿಚಾರಣಾ ಕೌಂಟರಿನ ಸಹಾಯಕಿಯವರು. ಈ ಪ್ರತಿಯನ್ನು ಅಂಚೆಗೆ ಹಾಕತಕ್ಕದ್ದಲ್ಲ. ಮುದ್ದಾಂ ಕೈಯಾರೆ ತಲುಪಿಸುವುದು. ತಲುಪಿಸುವವರು: ಪತಿ. ಸ್ವೀಕೃತಿ ಪತ್ರವನ್ನು ಶಾಖೆಗೆ ಕಳುಹಿಸುವ ಅಗತ್ಯವಿಲ್ಲ.